ಉಪ್ಪು ಹಾಕಿದರೂ ಕರಗದ ಹುಳ

ನಾನು ಯಾರ ಮನೆ ಸುದ್ದಿಗೂ ಹೋಗೋಳಲ್ಲ. ಸುದ್ದಿಯೇ ಬಂದು ನಮ್ಮ ಜಗಲಿ ಮೇಲೆ ಕೂತು, ಕಾಫಿ ಕುಡಿದು, ಎದ್ದು ಹೋಗು ಅಂದರೂ ಹೋಗ್ತಿರಲಿಲ್ಲ. ಹಲಸೂರಿನಲ್ಲಿ ನಮ್ಮದು ಐದು ಮನೆಯ ವಠಾರ. ಬಂದವರಲ್ಲಿ ಒಬ್ಬರಾದರೂ ನೆಟ್ಟಗೆ ಸಂಸಾರ ಮಾಡ್ಕೊಂಡು ನೆಟ್ಟಗೆ ಮನೆ ಖಾಲಿ ಮಾಡಿದವರಿಲ್ಲ. ಎಲ್ಲರೂ ಒಂದೊಂದು ಕಥೆ ಬಿಟ್ಟೇ ಹೋದರು. ಆದರೆ ಕಾಲೇಜು ಮೇಷ್ಟ್ರು ಬಿಟ್ಟು ಹೋದಷ್ಟು ಯಾರೂ ಬಿಡಲಿಲ್ಲ. ಅರವತ್ತರ ದಶಕ ಮುಗಿದು ಎಪ್ಪತ್ತರದು ಶುರುವಾಗೋ ಕಾಲ ಅದು. ನಾನು ಓದಿರೋದು ಎರಡನೇ ಕ್ಲಾಸು. ಅಕ್ಷರ ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ. ಸುದ್ದಿ ಮಾತ್ರ ತಪ್ಪಿರಲ್ಲ.

೧. ನಾಲ್ಕು ಮರದ ಪೆಟ್ಟಿಗೆ

ಮೇಷ್ಟ್ರು ಗಂಡಹೆಂಡತಿ ಬಂದಿಳಿದಾಗ ಜಟಕಾದಲ್ಲಿ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ, ನಾಲ್ಕು ಮರದ ಪೆಟ್ಟಿಗೆ. ಮದುವೆಯಾಗಿ ಆರು ತಿಂಗಳಾಗಿತ್ತಂತೆ. ಹುಡುಗಿ ಕೆ.ಆರ್. ಪುರದ ಜಮೀನಿನವರ ಮಗಳು. ಕೈತುಂಬ ಬಳೆ, ಬಾಯಲ್ಲಿ ಮಾತಿಲ್ಲ. ಪೆಟ್ಟಿಗೆ ಇಳಿಸುವಾಗ ಒಳಗಿಂದ ಕಿಣಿಕಿಣಿ ಸದ್ದು. ಬಾಟಲಿಗಳು! ಜೊತೆಗೆ ಮೂಗಿಗೆ ಹೊಡೆಯೋ ಸ್ಪಿರಿಟ್ಟಿನ ವಾಸನೆ.

ಎದುರುಮನೆ ದರ್ಜಿ ಹೆಂಡತಿ ಹೊಲಿಗೆ ಬಿಟ್ಟು ಓಡಿಬಂದಳು.

"ಅಕ್ಕಾ, ನಾಲ್ಕು ಪೆಟ್ಟಿಗೆ! ನಮ್ಮೋರು ವಾರಕ್ಕೊಂದು ಬಾಟಲಿ ತಂದ್ರೇ ನಾನು ಪೊರಕೆ ಹಿಡೀತೀನಿ."

"ಪಾಪ ಕಣೇ ಆ ಹುಡುಗಿ," ಅಂದೆ. ಒಳಗೊಳಗೇ ಎಷ್ಟು ಖುಷಿ ಆಗಿತ್ತು ಅನ್ನೋದನ್ನ ಈ ವಯಸ್ಸಿನಲ್ಲಿ ಯಾಕೆ ಮುಚ್ಚಿಡಲಿ.

ಕೊನೆಮನೆಯಲ್ಲಿ ಮಿಲಿಟರಿ ತಾತ ಇದ್ದರು. ದೊಡ್ಡ ಮೀಸೆ, ಪೆನ್ಶನ್ನು, ತಿಂಗಳ ಕೋಟಾ ರಮ್ಮನ್ನ ಹತ್ತನೇ ತಾರೀಕಿಗೇ ಮುಗಿಸೋ ಅಭ್ಯಾಸ. ಅವತ್ತು ತಾರೀಕು ಇಪ್ಪತ್ತು. ವಾಸನೆ ಅವರ ಮನೆ ಮುಟ್ಟೋಕೆ ಹೊತ್ತಾಗಲಿಲ್ಲ. ಸಂಜೆಗೆ ತಲೆ ಬಾಚಿ, ಇಸ್ತ್ರಿ ಷರಟು ಹಾಕಿ, ಕೈಯಲ್ಲೊಂದು ಲೋಟ ಹಿಡಿದು ಮೇಷ್ಟ್ರ ಬಾಗಿಲು ತಟ್ಟಿದರು.

"ಹೊಸಬರು ಬಂದಿದ್ದೀರಿ. ಪರಿಚಯ ಮಾಡ್ಕೊಳ್ಳೋಣ ಅಂತ ಬಂದೆ. ಆ ಪೆಟ್ಟಿಗೇಲಿರೋದು..."

ಮೇಷ್ಟ್ರ ಮುಖ ಅರಳಿಬಿಟ್ಟಿತು. ಆ ಪೆಟ್ಟಿಗೆಗಳ ಬಗ್ಗೆ ಅವರನ್ನ ಯಾರೂ ಅಷ್ಟು ಆಸೆಯಿಂದ ಕೇಳಿರಲಿಲ್ಲ. ಒಂದು ಬಾಟಲಿ ತೆಗೆದು ದೀಪಕ್ಕೆ ಹಿಡಿದರು. ತಳದಲ್ಲಿ ಹೆಬ್ಬೆರಳುದ್ದ, ಬೆಳ್ಳಗೆ ಮೆತ್ತಗೆ ಏನೋ ಮಲಗಿತ್ತು. ತಲೆ ಮೇಲೆ ಎರಡು ಕೊಂಬು.

"ಸಮುದ್ರದ್ದು ಸಾರ್. ಬೆನ್ನ ಮೇಲೆ ಚಿಪ್ಪು ಹೊತ್ತುಕೊಂಡು ಹೋಗತ್ತಲ್ಲ ಬಸವನಹುಳ, ಅದರದ್ದೇ ಬಳಗ. ಇದಕ್ಕೆ ಚಿಪ್ಪಿಲ್ಲ ಅಷ್ಟೇ. ಕೂತ್ಕೊಳ್ಳಿ, ಇನ್ನೂ ಅರವತ್ತೆರಡು ಇವೆ."

ತಾತ ಅರವತ್ತೆರಡನ್ನೂ ನೋಡಿದರು. ಏಳೋಕೆ ಮೇಷ್ಟ್ರು ಬಿಟ್ಟರೆ ತಾನೇ. ಮುಂದಿನ ತಿಂಗಳ ಕೋಟಾ ಬಂದಾಗ ತಾತ ರಮ್ಮನ್ನ ಲೋಟಕ್ಕೆ ಬಗ್ಗಿಸಿ, ದೀಪಕ್ಕೆ ಹಿಡಿದು, ತಳ ನೋಡಿ, ಹಾಗೇ ಎದ್ದು ಹೋಗಿ ಚರಂಡಿಗೆ ಸುರಿದರಂತೆ. ಮೂರು ತಿಂಗಳು ಮುಟ್ಟಲಿಲ್ಲ. ಅವರ ಹೆಂಡತಿ ಶುಕ್ರವಾರ ಶುಕ್ರವಾರ ಮೇಷ್ಟ್ರ ಮನೆಗೆ ಒಂದು ಮೊಳ ಮಲ್ಲಿಗೆ ಕಳಿಸೋಕೆ ಶುರು ಮಾಡಿದರು. ಹುಡುಗಿ ಅದನ್ನ ಮುಡಿದುಕೊಳ್ಳೋಕೆ ಹೋದರೆ, "ನಿನಗಲ್ಲಮ್ಮ, ಬಾಟಲಿಗೆ ಏರಿಸು," ಅಂದರು.

೨. ಒಂದು ಹಿಡಿ ಕಲ್ಲುಪ್ಪು

ಬಾಟಲಿಯೊಳಗಿನವು ಸತ್ತವು. ಅವುಗಳಿಂದ ತೊಂದರೆ ಇರಲಿಲ್ಲ. ದಸರಾ ರಜೆಗೆ ಕಾರವಾರದ ಕಡೆ ಹೋದ ಮೇಷ್ಟ್ರು ಒಂದನ್ನ ಜೀವಸಹಿತ ತಂದರು. ಬಸ್ಸು, ರೈಲು ಎಲ್ಲ ಕಡೆ ಹಾಲಿನ ಕ್ಯಾನನ್ನ ತೊಡೆ ಮೇಲೇ ಇಟ್ಟುಕೊಂಡು, ನಿದ್ದೆ ಮಾಡದೆ ಬಂದರಂತೆ. ಅಡಿಗೆಮನೆ ಕಿಟಕಿಯಲ್ಲಿ ದೊಡ್ಡದೊಂದು ಗಾಜಿನ ಜಾಡಿ, ಅದರೊಳಗೆ ಅದು.

ನಾನು ಅವತ್ತು ಹೋಗಿದ್ದು ಮೊಸರಿಗೆ ಹೆಪ್ಪು ಕೇಳೋಕೆ. ಹಾಗಂತ ಹೇಳಿಕೊಂಡು ಹೋಗಿದ್ದೆ. ಮೇಷ್ಟ್ರು ಒಳಕೋಣೆಯಲ್ಲಿ ಬರೀತಿದ್ದರು, ಹುಡುಗಿ ಹಿತ್ತಲಲ್ಲಿ ಬಟ್ಟೆ ಒಗೀತಿದ್ದಳು. ನಾನು ನೋಡ್ತೀನಿ, ಜಾಡಿಯಲ್ಲಿ ಹುಳ! ಕಿರುಬೆರಳಷ್ಟು. ಮೈಯೆಲ್ಲ ನೀಲಿ, ಸುತ್ತ ಹಳದಿ ಅಂಚು. ಬಣ್ಣ ಏನೇ ಇರಲಿ, ಮಳೆ ಬಂದಾಗ ನಮ್ಮ ಹಿತ್ತಲ ಸೊಪ್ಪಿಗೆ ಮುತ್ತೋ ಲೋಳೆಹುಳದ ಅಕ್ಕತಂಗಿ ಅಂತ ನೋಡಿದ ಕೂಡಲೇ ಗೊತ್ತಾಯ್ತು. ಅದಕ್ಕೆ ನಮ್ಮತ್ತೆ ಕಾಲದಿಂದ ಒಂದೇ ಮದ್ದು, ಉಪ್ಪು. ಎರಡು ಕಾಳು ಬಿದ್ದರೆ ಕರಗಿ ನೀರಾಗತ್ತೆ. ಡಬ್ಬಿಗೆ ಕೈ ಹಾಕಿ ಒಂದು ಹಿಡಿ ಕಲ್ಲುಪ್ಪು ತೆಗೆದು ಎಸೆದೇಬಿಟ್ಟೆ.

ಕರಗಲಿಲ್ಲ. ಕೊಂಬೆತ್ತಿ ನನ್ನ ಕಡೆ ತಿರುಗಿತು. ಇಷ್ಟೇನಾ ಅಂತ ಕೇಳೋ ಹಾಗೆ.

ಇನ್ನೊಂದು ಹಿಡಿ ಎತ್ತಿದ್ದೆ, ಅಷ್ಟರಲ್ಲಿ ಮೇಷ್ಟ್ರು ಬಂದರು.

"ದೊಡ್ಡಮ್ಮಾ! ಏನು ಮಾಡ್ತಿದ್ದೀರಾ?"

"ನಿಮ್ಮನೆಗೆ ಹುಳ ಹೊಕ್ಕಿದೆ ಮೇಷ್ಟ್ರೇ. ಉಪ್ಪು ಹಾಕಿದ್ರೂ ಸಾಯ್ತಿಲ್ಲ. ಇದು ಬರೀ ಹುಳ ಅಲ್ಲ, ಯಾರಾದ್ರೂ ತಿಳಿದೋರನ್ನ ಕರೆಸಿ."

"ಅದು ಹುಟ್ಟಿದ್ದೇ ಉಪ್ಪಲ್ಲಿ ದೊಡ್ಡಮ್ಮಾ!" ಅಂತ ಅಳೋ ದನಿಯಲ್ಲಿ ಜಾಡಿಯನ್ನ ಎದೆಗೆ ಅಪ್ಪಿಕೊಂಡರು. ಆಮೇಲೆ ಬಾವಿ ನೀರಿಗೆ ಉಪ್ಪು ಬೆರೆಸಿ ಹದ ಮಾಡೋಕೆ ಕೂತರು. ಒಂದು ಹನಿ ನಾಲಗೆ ಮೇಲಿಟ್ಟು ಕಣ್ಣು ಮುಚ್ಚೋರು. ಒಂದು ಚಿಟಿಕೆ ಹಾಕೋರು. ಮತ್ತೆ ನಾಲಗೆ, ಮತ್ತೆ ಕಣ್ಣು, ಮತ್ತೆ ಅರ್ಧ ಚಿಟಿಕೆ. ಅಕ್ಕಸಾಲಿಗನೂ ಬಂಗಾರವನ್ನ ಅಷ್ಟು ನಾಜೂಕಾಗಿ ನೋಡಲ್ಲ.

ಹುಡುಗಿ ಹಿತ್ತಲ ಬಾಗಿಲಲ್ಲಿ ಒದ್ದೆ ಸೀರೆ ಹಿಂಡುತ್ತ ನಿಂತಿದ್ದಳು. ಅವಳು ನನ್ನ ಹತ್ತಿರ ಆಡಿದ ಮೊದಲ ಮಾತು ಅದೇ:

"ನಿನ್ನೆ ಸಾರಿಗೆ ಉಪ್ಪು ಹಾಕೋದೇ ಮರೆತಿದ್ದೆ ದೊಡ್ಡಮ್ಮ. ಎರಡು ಸಲ ಹಾಕಿಸ್ಕೊಂಡು ಉಂಡರು. ಗೊತ್ತಾಗಲಿಲ್ಲ."

೩. ಅಮಾವಾಸ್ಯೆ ಕಾರ್ಡು

ಮೇಷ್ಟ್ರ ಗೋಡೆ ಮೇಲೆ ದೇಶದ ನಕ್ಷೆ. ಕಡಲಂಚಿನ ಉದ್ದಕ್ಕೂ ಗುಂಡುಸೂಜಿ. ಆ ನೀಲಿ ಹುಳ ಯಾವ ಊರಲ್ಲಿ ಕಾಣಿಸಿತೋ ಅಲ್ಲೊಂದು ಸೂಜಿ. ಅದು ಯಾವ ಜಾತಿಯದು, ಎಲ್ಲಿಂದ ಎಲ್ಲಿಗೆ ಹರಡ್ತಾ ಇದೆ ಅನ್ನೋದನ್ನ ಕಂಡುಹಿಡಿಯಲೇಬೇಕು ಅಂತ ಅವರ ಹಟ. ಕಡಲೂರುಗಳ ಶಾಲೆ ಮೇಷ್ಟ್ರುಗಳಿಗೆ, ಬೆಸ್ತರಿಗೆ, ಲೈಟ್‌ಹೌಸಿನವರಿಗೆ, ಎಲ್ಲರಿಗೂ ಕಾರ್ಡು ಬರೆಯೋರು. ಯಾವಾಗಲೋ ಒಮ್ಮೆ ಉತ್ತರ ಬರೋದು. ವಾರ ತಪ್ಪದೆ ಬರ್ತಿದ್ದ ಕಾರ್ಡು ಒಂದೇ. ಕಾರವಾರದ ಕಡೆಯದು. ಅಕ್ಷರ ಹೆಂಗಸಿನದು.

ಕಾರ್ಡು ಅಂದಮೇಲೆ ಯಾರು ಬೇಕಾದರೂ ಓದಬಹುದು. ಇಲ್ಲದಿದ್ದರೆ ಸರ್ಕಾರ ಅದಕ್ಕೊಂದು ಮುಚ್ಚಳ ಮಾಡ್ತಿರಲಿಲ್ವಾ? ನನಗೆ ಕೂಡಿಸಿ ಓದೋಕೆ ಹೊತ್ತು ಹಿಡಿಯತ್ತೆ. ಪೋಸ್ಟ್‌ಮ್ಯಾನ್ ಸಾಬರು ನಮ್ಮ ಜಗಲಿಯಲ್ಲಿ ಕಾಫಿ ಕುಡೀತಾ ಓದಿ ಹೇಳೋರು. ಅವತ್ತು ಓದಿದರು:

"ಮುಂದಿನ ಅಮಾವಾಸ್ಯೆಗೆ ತಪ್ಪದೆ ಬನ್ನಿ. ಹುಣ್ಣಿಮೆ ತನಕ ಕಾಯೋದು ಬೇಡ. ಬಂಡೆ ಹತ್ತಿರ ಇರ್ತೀನಿ."

ಸಾಬರು ಕಾಫಿ ಲೋಟ ಕೆಳಗಿಟ್ಟರು.

"ಅಮ್ಮಾ, ನಿಮ್ಮೋರಲ್ಲಿ ಅಮಾವಾಸ್ಯೆ ದಿನ ಒಳ್ಳೆ ಕೆಲಸಕ್ಕೆ ಹೊರಡಲ್ಲ, ಅಲ್ವಾ?"

"ಹೊರಡೋದು ಕೆಟ್ಟ ಕೆಲಸಕ್ಕೇ ಸಾಬರೇ," ಅಂದೆ. "ಇದು ಬರೀ ಸಂಬಂಧ ಅಲ್ಲ. ಮಾಟ. ಅವಳು ಯಾವಳೋ ಮೇಷ್ಟ್ರಿಗೆ ಮಾಟ ಮಾಡಿದ್ದಾಳೆ. ಸಾರಿಗೆ ಉಪ್ಪಿಲ್ಲದಿದ್ರೂ ಗೊತ್ತಾಗಲ್ಲ ಅಂದ್ರೆ ಇನ್ನೇನು?"

ನಾನು ಇದನ್ನ ದರ್ಜಿ ಹೆಂಡತಿಗೆ ಒಬ್ಬಳಿಗೇ ಹೇಳಿದ್ದು. ಅದೂ ಯಾರಿಗೂ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡು. ಅವಳು ರವಿಕೆ ಅಳತೆ ಕೊಡೋಕೆ ಬಂದ ಇಂದಿರಾನಗರದವಳಿಗೆ ಹೇಳಿದಳು, ಆಣೆ ಹಾಕಿಸ್ಕೊಂಡು. ಅವಳು ಬೈಯಪ್ಪನಹಳ್ಳಿಯ ನಾದಿನಿಗೆ. ನಾಲ್ಕನೇ ದಿನ ಕೆ.ಆರ್. ಪುರ ಮುಟ್ಟಿತು. ಐದನೇ ದಿನ ಹುಡುಗಿಯ ತಾಯಿ ಬಂದು, ಅಳಿಯನ ಜೊತೆ ಮಾತೂ ಆಡದೆ, ಮಗಳನ್ನ ಕರ್ಕೊಂಡು ಹೊರಟರು.

ಹುಡುಗಿ ಅಳಲಿಲ್ಲ. ಬಾಗಿಲಲ್ಲಿ ನಿಂತು ಗಂಡನಿಗೆ ಇಷ್ಟೇ ಅಂದಳು: "ಜಾಡಿ ನೀರು ಬೆಳಿಗ್ಗೆ ಬದಲಾಯಿಸಿದ್ದೀನಿ."

ಆ ಮಾತು ಕೇಳಿ ನಾನು ಒಳಗೆ ಹೋಗಿ ಬಾಗಿಲು ಹಾಕ್ಕೊಂಡೆ. ಮಾಡಿದ್ದು ನಾನೇ ತಾನೇ. ಮೇಷ್ಟ್ರು ಒಮ್ಮೆ ಹೇಳಿದ್ದರು, ಒಂದು ಹುಳ ಒಂದು ಕಡಲಿಂದ ಇನ್ನೊಂದು ಕಡಲಿಗೆ ಹರಡೋಕೆ ಎಷ್ಟೋ ವರ್ಷ ಹಿಡಿಯತ್ತಂತೆ. ಪಾಪ, ಅದಕ್ಕೆ ನಮ್ಮ ದರ್ಜಿ ಹೆಂಡತಿ ಸಿಕ್ಕಿರಲಿಲ್ಲ.

೪. ಸೀರೆಯಲ್ಲ, ನಡಿಗೆ

ಮೂರು ದಿನ ಮೇಷ್ಟ್ರ ಮನೆಯಿಂದ ಸೀದ ಅನ್ನದ ವಾಸನೆ. ನಾಲ್ಕನೇ ದಿನ ಹುಳಿ, ಮುದ್ದೆ ತಗೊಂಡು ನಾನೇ ಹೋದೆ. ತಟ್ಟೆ ಮುಂದಿಟ್ಟು, ಬಾಯಿಗೆ ಬಂದಂಗೆ ಬೈದೆ.

"ಮನೇಲಿ ಚಿನ್ನದಂಥ ಹೆಂಡತಿ ಇಟ್ಕೊಂಡು ಅಮಾವಾಸ್ಯೆಗೆ ಬಂಡೆ ಹತ್ರ ಯಾವಳನ್ನ ನೋಡೋಕೆ ಹೋಗ್ತೀರಾ ಮೇಷ್ಟ್ರೇ?"

ಮೇಷ್ಟ್ರು ಕಣ್ಣು ಕಣ್ಣು ಬಿಟ್ಟರು. ಎದ್ದು ಹೋಗಿ ಒಂದು ಫೋಟೋ ತಂದು ಕೊಟ್ಟರು. ಮೊಣಕಾಲುದ್ದ ನೀರಲ್ಲಿ ಕಚ್ಚೆ ಕಟ್ಟಿ ನಿಂತ ಒಬ್ಬ ಮುದುಕಿ. ಕೈಯಲ್ಲಿ ಬಕೆಟ್ಟು. ನಗ್ತಿದ್ದಾಳೆ, ಬಾಯಲ್ಲಿ ಒಂದು ಹಲ್ಲಿಲ್ಲ. ನನಗಿಂತ ಹತ್ತು ವರ್ಷ ದೊಡ್ಡವಳು.

"ರಿಟೈರಾದ ಶಾಲೆ ಟೀಚರು ದೊಡ್ಡಮ್ಮ. ನನಗೆ ಹುಳ ಹುಡುಕಿ ಕೊಡ್ತಾರೆ. ಅಮಾವಾಸ್ಯೆ, ಹುಣ್ಣಿಮೆ ದಿನ ಕಡಲ ನೀರು ತುಂಬಾ ಹಿಂದೆ ಸರಿಯತ್ತೆ. ಬಂಡೆ ಬುಡ ಕಾಣೋದು ಅವತ್ತೇ. ನಮಗೆ ಅದಕ್ಕಿಂತ ಒಳ್ಳೆ ದಿನ ಇಲ್ಲ."

ಕಡಲ ನೀರು ಎಷ್ಟು ಇಳಿಯತ್ತೋ ಗೊತ್ತಿಲ್ಲ. ನನ್ನ ಮುಖ ಅದಕ್ಕಿಂತ ಇಳೀತು.

ಮಾತು ಬದಲಾಯಿಸೋಕೆ, "ಅದೇನು ಎರಡು ಜಾಡಿ ಆಗಿದೆ?" ಅಂದೆ. ಟೀಚರು ಇನ್ನೊಂದು ಕಳಿಸಿದ್ದರಂತೆ. ಮೊದಲನೆಯದು ಕಡುನೀಲಿ, ಇದು ತಿಳಿನೀಲಿ. ಎರಡೂ ಯಾವ ಪುಸ್ತಕದ ಚಿತ್ರಕ್ಕೂ ಹೊಂದ್ತಿಲ್ಲ. ಎರಡು ಬೇರೆ ಬೇರೆ ಜಾತಿಯೋ ಏನೋ ಅಂತ ಮೇಷ್ಟ್ರು ತಲೆ ಕೆಡಿಸ್ಕೊಂಡಿದ್ದರು.

"ಮೇಷ್ಟ್ರೇ, ಆ ಜಗಲಿ ಮೇಲೆ ಕೂತು ನಲವತ್ತು ವರ್ಷ ಹೆಂಗಸರನ್ನ ನೋಡಿದ್ದೀನಿ," ಅಂದೆ. "ಸೀರೆ ಬಣ್ಣ ನೋಡಿ ಯಾರನ್ನೂ ಗುರುತು ಹಿಡೀಬಾರದು. ಸೀರೆ ಅಕ್ಕಂದು ತಂಗಿ ಉಡ್ತಾಳೆ, ಒಗೆದೂ ಒಗೆದೂ ಬಣ್ಣ ಬಿಡತ್ತೆ. ನಡಿಗೆ ನೋಡಿ. ಕತ್ತು ಹೆಂಗೆ ತಿರುಗಿಸ್ತಾಳೆ ನೋಡಿ. ಅದು ಬದಲಾಗಲ್ಲ."

ಮೇಷ್ಟ್ರು ತುತ್ತು ಅಲ್ಲೇ ಬಿಟ್ಟು ಭೂತಗನ್ನಡಿ ಹಿಡಿದು ಕೂತರು. ಕೊಂಬಿನ ಮೇಲಿನ ಗೆರೆ ಎಣಿಸಿದರು. ಬೆನ್ನ ಮೇಲೆ ಉಸಿರಾಡೋಕಿರೋ ಗೊಂಚಲು ನೋಡಿದರು. ಮುದ್ದೆ ಆರಿ ಕಲ್ಲಾಯ್ತು.

"ಒಂದೇ ದೊಡ್ಡಮ್ಮಾ! ಎರಡೂ ಒಂದೇ ಜಾತಿ! ತಿಂದಿದ್ದು ಬೇರೆ, ಅದಕ್ಕೇ ಬಣ್ಣ ಬೇರೆ!"

ಒಮ್ಮೆ ಬಾಯಿ ಬಿಟ್ಟ ಮೇಲೆ ನಾನು ನಿಲ್ಲಿಸ್ತೀನಾ. ನಕ್ಷೆ ಮುಂದೆ ನಿಂತು ಕೇಳಿದೆ, "ಈ ಸೂಜಿ ಚುಚ್ಚಿರೋ ಊರಲ್ಲೆಲ್ಲ ಹಡಗು ನಿಲ್ಲತ್ತಾ?"

"ಹೌದು. ಎಲ್ಲ ಬಂದರುಗಳೇ."

"ಮತ್ತೆ? ನಮ್ಮ ಈ ಕಂಟೋನ್ಮೆಂಟ್ ದಂಡಿಗೆ ಇಷ್ಟು ಜನ ಹೆಂಗೆ ಬಂದ್ರು? ಸಿಪಾಯಿಗಳ ಪಟಾಲಮ್ಮಿನ ಬೆನ್ನಿಗೆ ಅಂಟ್ಕೊಂಡು ಬಂದ್ರು. ಇದೂ ಹಡಗಿನ ತಳಕ್ಕೆ ಅಂಟ್ಕೊಂಡು ಬಂದಿರತ್ತೆ."

ಮೇಷ್ಟ್ರು ನೋಟ್‌ಬುಕ್ಕು ತೆಗೆದು ಬರ್ಕೊಂಡರು. ನಾನು ಹೇಳಿದ್ದನ್ನ ಒಬ್ಬ ಗಂಡಸು ಬರ್ಕೊಂಡಿದ್ದು ಅದೇ ಮೊದಲು. ಪೊಲೀಸಿನವರು ಬಿಟ್ಟರೆ.

ಆಮೇಲೆ ಅವರು ತಲೆ ತಗ್ಗಿಸಿಕೊಂಡು ಒಂದು ಗುಟ್ಟು ಹೇಳಿದರು. "ಇದು ಹೊಸ ಜಾತಿ ಅಂತ ಆದರೆ ಹೆಸರಿಡೋದು ನಾನೇ. ಅವಳ ಹೆಸರು ಇಡಬೇಕು ಅಂತ ಮದುವೆ ಆದಾಗಿಂದ ಹುಡುಕ್ತಿದ್ದೀನಿ ದೊಡ್ಡಮ್ಮ. ಒಡವೆ ಮಾಡಿಸೋ ಶಕ್ತಿ ನನಗಿಲ್ಲ. ಇದು ಪುಸ್ತಕದಲ್ಲಿ ಪ್ರಪಂಚ ಇರೋ ತನಕ ಇರತ್ತೆ. ಖಾತ್ರಿ ಆಗೋ ತನಕ ಅವಳಿಗೆ ಹೇಳಬಾರದು ಅಂತಿದ್ದೀನಿ. ನೀವೂ ಹೇಳಬೇಡಿ."

"ಛೇ ಛೇ, ನಾನ್ಯಾಕೆ ಹೇಳ್ಲಿ," ಅಂದೆ.

ಮಾರನೇ ದಿನ ಮೊದಲ ಬಸ್ಸಿಗೇ ಕೆ.ಆರ್. ಪುರಕ್ಕೆ ಹೊರಟೆ.

೫. ಹೂಕೋಸಿನ ಲಾರಿ

ಹುಡುಗಿಯ ತಾಯಿ ಜಗಲಿಯಲ್ಲಿ ಅವರೆಕಾಯಿ ಸುಲೀತಿದ್ದರು. ಹುಡುಗಿ ಪಕ್ಕದಲ್ಲಿ ಕೂತು ಸುಲಿದ ಕಾಳನ್ನೇ ಮತ್ತೆ ಮತ್ತೆ ಆರಿಸ್ತಿದ್ದಳು. ಮೊದಲು ಹಲ್ಲಿಲ್ಲದ ಟೀಚರ ಕಥೆ ಹೇಳಿದೆ. ತಪ್ಪು ನನ್ನದು ಅಂತಲೂ ಒಪ್ಪಿಕೊಂಡೆ, ಸ್ವಲ್ಪ ದರ್ಜಿ ಹೆಂಡತಿ ಮೇಲೆ ಹಾಕಿ. ಇಬ್ಬರ ಮುಖವೂ ತಿಳಿಯಾಯ್ತು. ಅಲ್ಲಿಗೆ ನಿಲ್ಲಿಸಿದ್ದರೆ ಹುಡುಗಿ ಅದೇ ಬಸ್ಸಿಗೆ ನನ್ನ ಜೊತೆ ಬರ್ತಿದ್ದಳು. ನಿಲ್ಲಿಸೋಕೆ ನನಗೆಲ್ಲಿ ಬರತ್ತೆ.

"ಇನ್ನೂ ಒಂದು ಸಂತೋಷದ ಸುದ್ದಿ ಇದೆ. ನಿಮ್ಮಳಿಯ ನಿಮ್ಮ ಮಗಳ ಹೆಸರನ್ನ ಆ ಹುಳಕ್ಕೆ ಇಡ್ತಾರಂತೆ!"

ಮೊರ ಕೆಳಗೆ ಬಿತ್ತು.

"ಹುಳಕ್ಕಾ?"

"ಹೂಂ. ಪ್ರಪಂಚ ಇರೋ ತನಕ!"

"ಅದು ನಮ್ಮತ್ತೆ ಹೆಸರು ಕಣಮ್ಮಾ! ಅವರೇ ಹುಟ್ಟಿ ಬಂದವ್ರೆ ಅಂತ ಮೊಮ್ಮಗಳಿಗೆ ಇಟ್ಟಿದ್ದು. ಬೈಯೋವಾಗ ಆ ಹೆಸರು ಬಾಯಿಗೆ ಬರಬಾರದು ಅಂತ ಇವಳ್ನ ಕರೆಯೋಕೇ ಬೇರೆ ಹೆಸರು ಮಡಗಿದ್ದೀವಿ. ನಾವೇ ಹಿಡಿದು ಆಡದ ಹೆಸರನ್ನ ಇವನು ಹುಳಕ್ಕೆ ಇಟ್ಟಾನಾ?"

ಅದಕ್ಕೇ ಆ ಹೆಸರನ್ನ ನಾನೂ ಇಲ್ಲಿ ಬರೀತಿಲ್ಲ.

ಮಾರನೇ ದಿನ ಬೆಳಗಾಗ್ತಿದ್ದ ಹಾಗೆ ಶಿವಾಜಿನಗರದ ಮಾರ್ಕೆಟ್ಟಿಗೆ ಹೂಕೋಸು ಹೊತ್ತ ಲಾರಿ ನಮ್ಮ ಗಲ್ಲಿ ಬಾಯಲ್ಲಿ ನಿಂತಿತು. ಹೂಕೋಸಿನ ಮಧ್ಯದಿಂದ ಒಬ್ಬೊಬ್ಬರೇ ನೆಂಟರು ಎದ್ದರು. ಒಟ್ಟು ಏಳು ಜನ. ಹುಡುಗಿಯ ದೊಡ್ಡಪ್ಪನ ಪೇಟದಲ್ಲಿ ಎಲೆ ಸಿಕ್ಕಿಕೊಂಡಿತ್ತು. ಕೊನೆಯಲ್ಲಿ, ಎಂಟನೆಯವಳಾಗಿ, ಇಳಿದವಳು ಹುಡುಗಿ.

"ಅಳಿಯಾ!" ಅಂತ ಮೇಷ್ಟ್ರ ಅತ್ತೆ ಬಾಗಿಲಲ್ಲೇ ಗುಡುಗಿದರು. "ಎಲ್ಲಿ ಅದು? ನಮ್ಮತ್ತೆ ಹೆಸರು ಹೊರೋ ಅಂಥ ಮಾರಿ ಎಲ್ಲೈತೆ, ತೋರ್ಸು!"

ಮೇಷ್ಟ್ರು ನನ್ನ ಕಡೆ ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಜಾಡಿ ತಂದು, ಭೂತಗನ್ನಡಿ ಹಿಡಿದರು. ಅತ್ತೆ ಒಂದು ಕಣ್ಣು ಮುಚ್ಚಿ ಬಗ್ಗಿದರು. ಬಗ್ಗಿದವರು ಏಳಲೇ ಇಲ್ಲ.

"ನೀಲಿ," ಅಂದರು. ಸ್ವಲ್ಪ ಹೊತ್ತಾದ ಮೇಲೆ, "ಜರಿ ಅಂಚು." ಇನ್ನೂ ಸ್ವಲ್ಪ ಹೊತ್ತಾದ ಮೇಲೆ, "ಒಳ್ಳೆ ಧರ್ಮಾವರದ ಸೀರೆ ಉಟ್ಟಂಗೈತಲ್ಲೋ!"

ದೊಡ್ಡಪ್ಪ ನೋಡಿದರು. "ನಡಿಗೆ ನೋಡು. ನಮ್ಮವ್ವನೂ ಹಿಂಗೇ, ಮನೆಗೆ ಬೆಂಕಿ ಬಿದ್ರೂ ನಿಧಾನ."

"ಬೆರಳು ತೋರಿಸಿದ್ರೆ ಮುದುರ್ಕೋತೈತೆ. ಅವ್ವನ ಕೋಪವೂ ಹಿಂಗೇ," ಅಂದರು ಇನ್ನೊಬ್ಬರು.

ಕಾಲು ಗಂಟೆಯೊಳಗೆ ಅಜ್ಜಿಯೇ ಬಂದವ್ರೆ ಅಂತ ಎಲ್ಲರೂ ಒಪ್ಪಿಬಿಟ್ಟರು. ಹುಡುಗಿ ಮಾತ್ರ ಭೂತಗನ್ನಡಿ ಮುಟ್ಟಲಿಲ್ಲ. ಗಂಡನ ಮುಖವನ್ನೇ ನೋಡಿದಳು.

"ನನ್ನ ಹೆಸರಾ?"

"ಆಗತ್ತೋ ಇಲ್ವೋ ಅಂತ ಹೇಳಿರಲಿಲ್ಲ," ಅಂದರು ಮೇಷ್ಟ್ರು ಮೆಲ್ಲಗೆ.

ಅವಳು ಜಾಡಿಗೆ ಬೆರಳದ್ದಿ, ಒಂದು ಹನಿ ನಾಲಗೆಗೆ ಇಟ್ಟುಕೊಂಡಳು. "ಉಪ್ಪು ಜಾಸ್ತಿ ಮಾಡಿದ್ದೀರಾ," ಅಂದು, ಚೀಲ ಒಳಗಿಟ್ಟು, ಬಾವಿಗೆ ನೀರು ಸೇದೋಕೆ ಹೋದಳು.

ಅವತ್ತು ಶಿವಾಜಿನಗರದಲ್ಲಿ ಮಧ್ಯಾಹ್ನದ ತನಕ ಹೂಕೋಸು ಸಿಗಲಿಲ್ಲವಂತೆ. ಹೇಗೆ ಸಿಗತ್ತೆ? ಲಾರಿ ಡ್ರೈವರೂ ಸಾಲಿನಲ್ಲಿ ನಿಂತಿದ್ದ, ಅಜ್ಜಿಯನ್ನ ನೋಡೋಕೆ.

೬. ಯಾವಳವಳು?

ಹುಳದ ಚಿತ್ರ ಬರೆದು ಮೇಷ್ಟ್ರು ವಿದೇಶದ ಮ್ಯೂಸಿಯಮ್ಮಿಗೆ ಕಳಿಸಿದ್ದರು, ನಾಲ್ಕು ತಿಂಗಳಾದ ಮೇಲೆ ಅಲ್ಲಿಂದ ಉತ್ತರ ಬಂತು. ಮುಚ್ಚಿದ ಲಕೋಟೆ. ಹಾಗಾಗಿ ಮೇಷ್ಟ್ರು ಒಡೆಯೋ ತನಕ ಸಾಬರೂ ನಾನೂ ಕಾಯಬೇಕಾಯ್ತು. ಓದಿದ ಮೇಷ್ಟ್ರು ಜಗಲಿ ಮೇಲೆ ಕುಸಿದು ಕೂತರು.

ಹುಳ ಹೊಸದಲ್ಲ. ಯಾವುದೋ ಬೇರೆ ಕಡಲಲ್ಲಿ ಯಾವನೋ ಬಿಳಿ ದೊರೆ ಎಷ್ಟೋ ವರ್ಷದ ಹಿಂದೆಯೇ ಅದನ್ನ ಕಂಡು ಹೆಸರಿಟ್ಟು ಪುಸ್ತಕಕ್ಕೆ ಸೇರಿಸಿದ್ದ. ಅಲ್ಲಿಂದ ಹಡಗುಗಳ ಜೊತೆ ನಮ್ಮ ಕಡೆ ಹರಡಿದೆ, ನಾನು ಹೇಳಿದ ಹಾಗೇ. ನಮ್ಮ ಕಡಲಿಗೂ ಬಂದಿದೆ ಅಂತ ಮೊದಲು ಕಂಡವರು ಮೇಷ್ಟ್ರು, ಆ ಮರ್ಯಾದೆ ಅವರದ್ದೇ. ಆದರೆ ಹೆಸರಿಡೋ ಹಾಗಿಲ್ಲ.

"ಅವಳಿಗೆ ನೀವೇ ಹೇಳಿ ದೊಡ್ಡಮ್ಮ," ಅಂದರು.

ಹೇಳಬೇಡ ಅಂದವರ ಸುದ್ದಿಯನ್ನೆಲ್ಲ ಊರಿಗೆ ಹಂಚಿದವಳು ನಾನು. ಹೇಳು ಅಂತ ಒಬ್ಬರು ಬಾಯಿಬಿಟ್ಟು ಕೇಳಿದಾಗ ನಾಲಗೆ ಏಳಲಿಲ್ಲ. ಹೇಗೋ ತೊದಲಿದೆ. ಹುಡುಗಿ ಮೆಣಸಿನಕಾಯಿ ಹುರೀತಿದ್ದಳು. ಸೌಟು ನಿಂತಿತು.

"ಹಾಗಾದ್ರೆ ಈಗ ಅದಕ್ಕೆ ಯಾರ ಹೆಸರಿದೆ?"

ಮೇಷ್ಟ್ರು ಬಾಗಿಲ ಹಿಂದಿನಿಂದಲೇ ಅಂದರು, "ಆ ದೊರೆ... ತನ್ನ ಹೆಂಡತಿ ಹೆಸರು ಇಟ್ಟಿದ್ದಾನೆ."

"ಯಾವಳವಳು?"

"ಯಾರೋ. ಸತ್ತೇ ಎಷ್ಟೋ ವರ್ಷ ಆಗಿರತ್ತೆ."

"ಯಾವಳದೋ ಹೆಸರಿನ ಹುಳಕ್ಕಾ ನಾನು ದಿನಾ ಉಪ್ಪು ನೋಡಿದ್ದು?" ಅಂದಳು ನೋಡಿ! ಮಾತೇ ಬರದ ಹುಡುಗಿ ಅಂದುಕೊಂಡಿದ್ದೆ. ಮೆಣಸಿನಕಾಯಿ ಘಾಟೋ, ಮಾತಿನ ಘಾಟೋ, ವಠಾರವೆಲ್ಲ ಕೆಮ್ಮಿತು.

ಎರಡನೇ ದಿನ ಹೂಕೋಸಿನ ಲಾರಿ ಮತ್ತೆ ಬಂತು. ಹೆಸರು ತೆಗೀರಿ ಅಂತ ಬಂದಿದ್ದ ಅದೇ ಏಳು ಜನ, ಈಗ ತೆಗೆದವರು ಯಾರು ಅಂತ ಕೇಳೋಕೆ ಬಂದಿದ್ದರು.

"ಊರಿಗೆಲ್ಲ ಹೇಳಿಕೊಂಡು ಬಂದಿದ್ದೀವಿ, ಅಜ್ಜಿ ಹೆಸರು ಪುಸ್ತಕಕ್ಕೆ ಬರ್ತೈತೆ ಅಂತ!" ಅಂದರು ಅತ್ತೆ. "ಈಗ ಇಲ್ಲ ಅಂದ್ರೆ ಅವರು ಕನಸಲ್ಲಿ ಬಂದು ನನ್ನ ಬೈತಾರೆ. ಇನ್ನೊಂದು ಹುಡುಕು ಅಳಿಯಾ. ಅಷ್ಟು ದೊಡ್ಡ ಕಡಲಲ್ಲಿ ಇನ್ನೊಂದು ಹುಳ ಇರಲ್ವಾ?" ಆಮೇಲೆ ಮಗಳ ಕಡೆ ತಿರುಗಿ, "ನೀನೂ ಜೊತೆಗೆ ಹೋಗು. ಗಂಡಸರಿಗೆ ಅಂಚು, ಸೆರಗು ಗೊತ್ತಾಗಲ್ಲ."

ಮುಂದಿನ ಅಮಾವಾಸ್ಯೆ ನೋಡಿಕೊಂಡು ಗಂಡಹೆಂಡತಿ ಇಬ್ಬರೂ ಹೊರಟರು. ನಮ್ಮ ವಠಾರದಿಂದ ಅಮಾವಾಸ್ಯೆಗೆ ಅಂತ ಕುಂಕುಮ ಇಟ್ಟು, ಬುತ್ತಿ ಕಟ್ಟಿ ಕಳಿಸಿದ್ದು ಅದೊಂದೇ ಸಲ. ಹುಡುಗಿ ಅಲ್ಲಿಯ ತನಕ ಕಡಲನ್ನ ಕಂಡವಳಲ್ಲ. ಹಲಸೂರು ಕೆರೆಯೇ ಅವಳಿಗೆ ದೊಡ್ಡ ನೀರು.

ವಾರಕ್ಕೆ ಒಂದು ಕಾರ್ಡು ಬಂತು. ಈ ಸಲ ವಿಳಾಸ ನನ್ನದೇ. ನನ್ನ ಹೆಸರಿಗೆ ಬಂದದ್ದನ್ನೂ ಸಾಬರೇ ಓದಲಿ ಅಂತ ಕೊಟ್ಟೆ. ದರ್ಜಿ ಹೆಂಡತಿ, ಮಿಲಿಟರಿ ತಾತ, ತಾತನ ಹೆಂಡತಿ ಎಲ್ಲರೂ ಬಂದು ಸುತ್ತ ಕೂತರು. ಸಾಬರು ಗಂಟಲು ಸರಿಮಾಡ್ಕೊಂಡು ಓದಿದರು:

"ದೊಡ್ಡಮ್ಮನವರಿಗೆ ನಮಸ್ಕಾರ. ನಾವು ಕ್ಷೇಮ. ಸಮುದ್ರ ತುಂಬಾ ದೊಡ್ಡದಿದೆ. ಉಪ್ಪು ಸರಿಯಾಗಿದೆ. ಇವರು ಒಂದೊಂದೇ ಬಂಡೆ ಎತ್ತಿ ಇಲ್ಲಿಯ ತನಕ ಹನ್ನೊಂದು ಹುಳ ತೋರಿಸಿದರು. ಒಂದೂ ಮನಸ್ಸಿಗೆ ಬರಲಿಲ್ಲ. ಬೇರೆ ತೋರಿಸಿ ಅಂದಿದ್ದೀನಿ."